ಹಳೆಯ ಹಾಡಿಗೂ ವಯಸ್ಸಾಗುತ್ತದೆ
ನ್ಯೂಯಾರ್ಕಿನ ರೇಡಿಯೊ ಸ್ಟೇಷನ್ ಡಬ್ಲ್ಯೂಸಿಬಿಎಸ್-ಎಫ್‌ಎಂ 1972ರಿಂದ ಹಳೆಯ ಹಾಡುಗಳ ಮನೆಯಾಗಿತ್ತು. 2005ರ ಜೂನ್ 3ರಂದು, ಕೇಳುಗರಿಗೆ ಒಂದು ಮಾತೂ ಹೇಳದೆ, ಅದು ‘ಜ್ಯಾಕ್’ ಎಂಬ ಹೊಸ ಹೆಸರಿನ ಸ್ಟೇಷನ್ ಆಗಿಬಿಟ್ಟಿತು. ನಿರೂಪಕರೇ ಇಲ್ಲ, ಎಪ್ಪತ್ತರಿಂದೀಚೆಗಿನ ಹಾಡುಗಳ ಕಲಸುಮೇಲೋಗರ, ನಡುವೆ ಮೊದಲೇ ಮುದ್ರಿಸಿಟ್ಟ ದನಿ. ದಶಕಗಳಿಂದ ಊರಿನ ಕಿವಿಯಲ್ಲಿದ್ದ ನಿರೂಪಕ ಬ್ರೂಸ್ ಮಾರೋ ಉಪಗ್ರಹ ರೇಡಿಯೊಗೆ ಹೋದರು. ಕೇಳುಗರು ಸಿಟ್ಟಾದರು, ಅದು ನ್ಯಾಯವೇ. ಎರಡು ವರ್ಷ ತಾಳಿ, 2007ರ ಜುಲೈ 12ರ ಮಧ್ಯಾಹ್ನ 1 ಗಂಟೆ 1 ನಿಮಿಷಕ್ಕೆ ಸ್ಟೇಷನ್ ಹಳೆಯ ಹೆಸರಿಗೆ ಮರಳಿತು, 101.1 ಅದರ ಕಂಪನಾಂಕ, ಗಳಿಗೆಯನ್ನೂ ಅದಕ್ಕೆ ಹೊಂದಿಸಿದ್ದರು. ನನಗೆ ಇಂದಿಗೂ ಖುಷಿ ಕೊಡುವ ವಿವರವಿದು. ಆದರೆ ಮರಳಿದ್ದು ಹೆಸರು, ಹಾಡುಗಳೆಲ್ಲ ಅಲ್ಲ. ಜಾಹೀರಾತುದಾರರಿಗೆ ಬೇಕಾದವರು 25ರಿಂದ 54ರ ವಯಸ್ಸಿನವರು. ಐವತ್ತರ ದಶಕದ ಡೂ-ವಾಪ್ ಶೈಲಿಯ ಹಾಡು ಕೇಳಿ ಬೆಳೆದವರು ಆ ಗೆರೆ ದಾಟಿಯಾಗಿತ್ತು. ‘ಓಲ್ಡೀಸ್’ ಪದ ಸರಿದು ‘ಗ್ರೇಟೆಸ್ಟ್ ಹಿಟ್ಸ್’ ಬಂತು. ವರ್ಷ ಕಳೆದಂತೆ ಅರವತ್ತರ ದಶಕವೂ ತೆಳುವಾಯಿತು, ಎಂಬತ್ತು ನಡುಮನೆಗೆ ಬಂತು, ತೊಂಬತ್ತು ಬಾಗಿಲು ತಟ್ಟಿತು. ಆ ಡೂ-ವಾಪ್ ಪ್ರೇಮಿ ಇನ್ನೂ ಅದೇ 101.1ಕ್ಕೆ ತಿರುಗಿಸಿದರೆ, ಅಲ್ಲಿರುವುದು ಅವನ ಮಗಳ ಕಾಲೇಜು ದಿನಗಳ ಹಾಡು.