ಭಾರವೂ ನೆಲವೂ

ಬೀದರ್ ಕೋಟೆಯ ಬುರುಜುಗಳ ಮೇಲಿನ ಭಾರೀ ಫಿರಂಗಿಗಳನ್ನು ಕಂಡವರಿಗೆ, ಇವನ್ನು ಅಷ್ಟೆತ್ತರಕ್ಕೆ ಏರಿಸಿದ ಬಗೆ ಯಾವುದೆಂಬ ಬೆರಗು ಮೂಡದಿರದು. ಇಂದು ಅಂತಹ ಕೆಲಸಕ್ಕೆ ಕ್ರೇನ್ ಇದೆ. ಹತ್ತಾರು ಆಳುಗಳು ಸರಪಳಿ, ರಾಟೆಗಳನ್ನು ಹೂಡಿ ಹಗಲೆಲ್ಲ ಹೆಣಗಿ ಎತ್ತುತ್ತಿದ್ದ ಭಾರವನ್ನು ಅದು ಕೆಲವೇ ನಿಮಿಷಗಳಲ್ಲಿ ಎತ್ತಿ ಇಳಿಸುತ್ತದೆ. ಇದನ್ನು ಕಂಡು, ಯಂತ್ರ ಬಂದರೆ ದಕ್ಷತೆಯೂ ಅದರ ಬೆನ್ನಿಗೇ ಬಂದಿತೆಂದು ಹಲವರು ನಂಬುತ್ತಾರೆ. ಆ ನಂಬಿಕೆ ಅರ್ಧಸತ್ಯ.

ತುಂಬಿದ ಕೊಡವನ್ನು ಮೈಗೊತ್ತಿ ಹಿಡಿದಾಗ ಭಾರ ಅಷ್ಟಾಗಿ ತಿಳಿಯದು. ಅದನ್ನೇ ಕೈಚಾಚಿ ಹಿಡಿದರೆ ತೋಳು ಸೋಲುತ್ತದೆ. ಕ್ರೇನಿನ ತೋಳಿಗೂ ಇದೇ ನಿಯಮ. 3 ಮೀಟರ್ ದೂರದಲ್ಲಿ ಹೆಚ್ಚೆಂದರೆ 10 ಟನ್ ಎತ್ತಬಲ್ಲ ಯಂತ್ರವು 6 ಮೀಟರ್ ದೂರದಲ್ಲಿ ಸಾಮಾನ್ಯವಾಗಿ 5 ಟನ್ನನ್ನೂ ಎತ್ತಲಾರದು; ಚಾಚಿದ ತೋಳಿನ ಸ್ವಂತ ಭಾರವೂ ಲೆಕ್ಕಕ್ಕೆ ಸೇರುತ್ತದೆ. ಹೊಸ ಕ್ರೇನ್‌ಗಳಲ್ಲಿ ಈ ಲೆಕ್ಕವನ್ನು ತಾನೇ ಮಾಡಿ, ಮಿತಿ ಸಮೀಪಿಸಿದೊಡನೆ ಎಚ್ಚರಿಸುವ ಸಾಧನವಿದೆ. ಅದು ನಿಜಕ್ಕೂ ದೊಡ್ಡ ಉಪಕಾರ.

ಆದರೆ ಕಾಲಡಿಯ ನೆಲ ಎಂತಹುದೆಂದು ಆ ಸಾಧನಕ್ಕೆ ತಿಳಿಯದು. ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಅಲ್ಲಿಂದ ಇಳಿದು ಭಾಲ್ಕಿ, ಔರಾದ್‌ಗಳ ಕಡೆಗೆ ಹೋದರೆ ಎರೆಮಣ್ಣಿನ ಹೊಲಗಳು ಎದುರಾಗುತ್ತವೆ. ಬೇಸಗೆಯಲ್ಲಿ ಬಿರುಕುಬಿಟ್ಟು ಗಟ್ಟಿಯಾಗಿ ತೋರುವ ಈ ಮಣ್ಣು ಒಂದು ಮಳೆಗೆ ಉಬ್ಬಿ ಮೆತ್ತಗಾಗುತ್ತದೆ. ನಗರದಲ್ಲಿ ನಿರಾತಂಕವಾಗಿ ದುಡಿದ ಕ್ರೇನಿನ ಊರುಗಾಲು ಇಲ್ಲಿ ಕುಸಿಯಬಹುದು. ತರಬೇತಿ ಪಡೆದ ಚಾಲಕನು ಮೊದಲು ನೆಲವನ್ನು ಪರೀಕ್ಷಿಸುತ್ತಾನೆ. ಊರುಗಾಲುಗಳ ಕೆಳಗೆ ಅಗಲವಾದ ದಿಮ್ಮಿಗಳನ್ನೋ ಉಕ್ಕಿನ ಹಲಗೆಗಳನ್ನೋ ಹಾಸಿಸುತ್ತಾನೆ. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಡುವವನಿಗೆ ಈ ಅರ್ಧ ಗಂಟೆ ದಂಡವೆನಿಸುತ್ತದೆ. ಉರುಳಿದ ಕ್ರೇನನ್ನು ಎಬ್ಬಿಸಲು ಎಷ್ಟು ದಿನ ಬೇಕೆಂಬುದನ್ನು, ಪಾಪ, ಅವನು ಎಣಿಸಿರುವುದಿಲ್ಲ! ಇನ್ನು ಅಡಿಯಲ್ಲಿ ಸಿಕ್ಕವರ ಪ್ರಾಣಕ್ಕೆ ಲೆಕ್ಕವೆಲ್ಲಿ?

2009ರ ಜುಲೈ 12ರಂದು ದೆಹಲಿಯಲ್ಲಿ, ಕಟ್ಟುತ್ತಿದ್ದ ಮೆಟ್ರೋ ಸೇತುವೆಯ ಭಾಗವೊಂದು ಕುಸಿದು ಜೀವಹಾನಿಯಾಯಿತು. ಮರುದಿನ ಅವಶೇಷಗಳನ್ನೆತ್ತಲು ಬಂದ ಕ್ರೇನ್‌ಗಳೂ ನೆಲಕಚ್ಚಿದವು. ದೇಶದ ರಾಜಧಾನಿಯಲ್ಲಿ ಯಂತ್ರಗಳಿಗೇನೂ ಕೊರತೆಯಿರಲಿಲ್ಲ.

ಭಾರ ಎತ್ತುವ ಯಂತ್ರ, ಸರಪಳಿ, ಹಗ್ಗಗಳನ್ನು ವರ್ಷಕ್ಕೊಮ್ಮೆಯಾದರೂ ಬಲ್ಲವರಿಂದ ಪರೀಕ್ಷಿಸಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯೇ ವಿಧಿಸಿತ್ತು. ಹಗ್ಗದ ವಿಷಯದಲ್ಲಿ ತೋರಿದ ಎಚ್ಚರಿಕೆಯನ್ನು, ಅದನ್ನು ಬಿಗಿಯುವ ಮನುಷ್ಯನ ಶಿಕ್ಷಣದಲ್ಲಿಯೂ ತೋರುವುದು ನ್ಯಾಯವಲ್ಲವೆ? ಲಕ್ಷಗಟ್ಟಲೆ ಸುರಿದು ಕ್ರೇನ್ ಕೊಳ್ಳುವವರು ಚಾಲಕನ ಕೆಲವು ವಾರಗಳ ತರಬೇತಿಗೆ ಹಿಂದೆಗೆಯುವುದು ಉಳಿತಾಯವಲ್ಲ, ಅವಿವೇಕ.

ಅಂತಹ ತರಬೇತಿಯಲ್ಲಿ ಕಲಿಸುವ ಕೈಸನ್ನೆಗಳನ್ನೇ ನೋಡಬಹುದು. ಹತ್ತು ಮಂದಿ ಹತ್ತು ಕಡೆಯಿಂದ ಕೂಗಿದರೆ ಚಾಲಕ ತಬ್ಬಿಬ್ಬಾಗುತ್ತಾನೆ; ಕೆಲಸವೂ ನಿಧಾನವಾಗುತ್ತದೆ. ಆದುದರಿಂದ ಸನ್ನೆ ಮಾಡುವವನು ಒಬ್ಬನೇ ಇರಬೇಕು, ಚಾಲಕನು ಅವನ ಕೈಯನ್ನು ಮಾತ್ರ ನೋಡಬೇಕು. ಇದಕ್ಕೆ ಒಂದೇ ಒಂದು ಅಪವಾದವುಂಟು: ‘ನಿಲ್ಲಿಸು’ ಎಂಬ ಸನ್ನೆಯನ್ನು ಮಣ್ಣು ಹೊರುವ ಆಳು ತೋರಿದರೂ ಚಾಲಕನು ಆ ಕ್ಷಣವೇ ನಿಲ್ಲಿಸಬೇಕು.