ಹಳೆಯ ಕ್ಯಾಂಪರ್ ವ್ಯಾನ್ ರಸ್ತೆಯಲ್ಲೇ ಉಳಿಯಲಿ
ಜರ್ಮನಿಯ ಫೋಕ್ಸ್‌ವ್ಯಾಗನ್ 1950ರಲ್ಲಿ ತಯಾರಿಸತೊಡಗಿದ ಟೈಪ್ 2 ವ್ಯಾನಿಗೆ ಮರುವರ್ಷವೇ ವೆಸ್ಟ್‌ಫಾಲಿಯಾ ಸಂಸ್ಥೆ ಹಾಸಿಗೆ, ಕಪಾಟು ಜೋಡಿಸಿ ಚಲಿಸುವ ಮನೆಯಾಗಿಸಿತು. ಇಂಥ ವ್ಯಾನುಗಳನ್ನು ದುರಸ್ತಿ ಮಾಡಿ ಓಡಿಸುವುದು ಹೊಗೆಯುಗುಳುವ ಶೋಕಿ ಎಂಬ ಆಕ್ಷೇಪವಿದೆ. ಹೊಗೆಯ ಮಾತು ಸುಳ್ಳಲ್ಲ. ಗಾಳಿಯಿಂದ ತಣಿಯುವ ಆ ಹಳೆಯ ಎಂಜಿನ್ ಇಂದಿನ ಮಾಲಿನ್ಯ ನಿಯಮಕ್ಕೆ ಹೊಂದುವುದಿಲ್ಲ. ಆದರೆ ರಜೆಯಲ್ಲಷ್ಟೇ ಹೊರಡುವ ಗಾಡಿಯನ್ನು ದಿನವೂ ಕಚೇರಿಗೆ ಓಡುವ ಕಾರಿನೊಂದಿಗೆ ತೂಗುವುದು ನ್ಯಾಯವಲ್ಲ. ಹೊಸದೊಂದನ್ನು ತಯಾರಿಸಲು ಬೇಕಾದ ಉಕ್ಕು, ವಿದ್ಯುತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ತುಕ್ಕು ತಿಂದ ತಳವನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡುವ ಕೈಕಸುಬಿಗೂ ಈ ಹಳೆಯ ವ್ಯಾನುಗಳೇ ಆಸರೆ, ಅದು ಸಣ್ಣ ಮಾತಲ್ಲ. ಜರ್ಮನಿಯಲ್ಲಿ 30 ವರ್ಷ ದಾಟಿ, ಮೂಲ ರೂಪದಲ್ಲಿ ಚೆನ್ನಾಗಿರುವ ವಾಹನಕ್ಕೆ ತಪಾಸಣೆಯ ಬಳಿಕ ಐತಿಹಾಸಿಕ ವಾಹನವೆಂದು ಗುರುತಿಸುವ ‘ಎಚ್’ ನಂಬರ್ ಪ್ಲೇಟ್ ಸಿಗುತ್ತದೆ. ನಮ್ಮಲ್ಲಿ ವಿಂಟೇಜ್ ಎನಿಸಿಕೊಳ್ಳಲು 50 ವರ್ಷವಾಗಬೇಕು. ಕೇಂದ್ರ ಸರ್ಕಾರ ಈ ಮಿತಿಯನ್ನು ಇಳಿಸಬೇಕು.