ಚಾರಿಟಿ ಅಂಗಡಿಯೂ ತುಟ್ಟಿಯಾದರೆ ಬಡವರು ಎಲ್ಲಿಗೆ ಹೋಗಬೇಕು?

ಬ್ರಿಟನ್ನಿನ ಯಾವ ಊರಿನ ಪೇಟೆಬೀದಿಗೆ ಹೋದರೂ ಒಂದೆರಡು ಚಾರಿಟಿ ಅಂಗಡಿಗಳು ಕಣ್ಣಿಗೆ ಬೀಳುತ್ತವೆ. ದೇಶದಲ್ಲಿ ಇಂಥವು 10,000ಕ್ಕೂ ಹೆಚ್ಚಿವೆ. ಜನ ದಾನ ಕೊಟ್ಟ ಬಟ್ಟೆ, ಪುಸ್ತಕ, ಪಾತ್ರೆ, ಆಟಿಕೆಗಳನ್ನು ಮಾರಿ, ಬಂದ ಹಣವನ್ನು ಕ್ಯಾನ್ಸರ್ ಸಂಶೋಧನೆಗೋ ಕಷ್ಟದಲ್ಲಿರುವ ಮಕ್ಕಳಿಗೋ ವೃದ್ಧರ ಆರೈಕೆಗೋ ಕೊಡುವ ಅಂಗಡಿಗಳಿವು. ಕರ್ನಾಟಕದಿಂದ ಓದಲು ಹೋದವರಿಗೂ ಇವು ಚಿರಪರಿಚಿತ. ಸೆಪ್ಟೆಂಬರ್‌ನಲ್ಲಿ ಹೋಗಿ ಇಳಿದವರಿಗೆ ಅಕ್ಟೋಬರ್ ಮುಗಿಯುವಷ್ಟರಲ್ಲಿ ದಪ್ಪ ಕೋಟು ಬೇಕಾಗುತ್ತದೆ. ಪ್ರತಿ ಪೌಂಡನ್ನೂ ರೂಪಾಯಿಗೆ ಬದಲಿಸಿ ಲೆಕ್ಕ ಹಾಕುವ ಆ ದಿನಗಳಲ್ಲಿ ಹೊಸ ಕೋಟಿನ ಬೆಲೆ ಕೇಳಿದರೇ ಎದೆ ಝಲ್ಲೆನ್ನುತ್ತದೆ. ಆಗ ಸೀನಿಯರ್‌ಗಳು ತೋರಿಸುವ ದಾರಿ ಚಾರಿಟಿ ಅಂಗಡಿಯದು.

ಆ ದಾರಿಯೂ ಈಗ ದುಬಾರಿಯಾಗಿದೆ ಎಂಬುದು ಅಲ್ಲಿನ ಗಿರಾಕಿಗಳ ದೊಡ್ಡ ದೂರು. ಪುಕ್ಕಟೆ ಬಂದ ಮಾಲಿಗೆ ಇಷ್ಟು ಬೆಲೆಯೇ ಎಂದು ಜನ ಗಲ್ಲಾದ ಮುಂದೆಯೇ ಗೊಣಗುತ್ತಾರೆ. ದೂರಿನಲ್ಲಿ ಹುರುಳಿದೆ. ಆದರೆ ಅದು ತಲುಪಬೇಕಾದವರನ್ನು ತಲುಪುತ್ತಿಲ್ಲ.

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ಮೇಲೆ ಅನಿಲ, ವಿದ್ಯುತ್ತಿನ ಬಿಲ್ ಹೇಗೆ ಏರಿತೆಂಬುದನ್ನು ಬ್ರಿಟನ್ನಿನ ಮನೆಗಳು ಮರೆತಿಲ್ಲ. ಆ ವರ್ಷದ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ 11.1 ಮುಟ್ಟಿತು, ನಾಲ್ಕು ದಶಕಗಳಲ್ಲಿ ಅಂಥ ಏರಿಕೆ ಇರಲಿಲ್ಲ. 2023ರ ಮಾರ್ಚ್ ಹೊತ್ತಿಗೆ ಆಹಾರ ಪದಾರ್ಥಗಳ ಬೆಲೆ ಒಂದೇ ವರ್ಷದಲ್ಲಿ ಶೇ 19ಕ್ಕೂ ಹೆಚ್ಚು ಏರಿತ್ತು. ಆಮೇಲೆ ಹಣದುಬ್ಬರ ಇಳಿಯಿತು, ಬೆಲೆ ಇಳಿಯಲಿಲ್ಲ. 2023–24ರಲ್ಲಿ ಟ್ರಸೆಲ್ ಟ್ರಸ್ಟ್ ಎಂಬ ಒಂದೇ ಸಂಸ್ಥೆಯ ಜಾಲದ ಆಹಾರ ಬ್ಯಾಂಕುಗಳು 31 ಲಕ್ಷಕ್ಕೂ ಹೆಚ್ಚು ತುರ್ತು ಆಹಾರದ ಪೊಟ್ಟಣಗಳನ್ನು ಹಂಚಿದವು. ಊಟಕ್ಕೇ ಕೈಚಾಚಬೇಕಾದ ಮನೆ ಮಗುವಿನ ಸ್ವೆಟರಿಗೆ ಎಲ್ಲಿಗೆ ಹೋಗಬೇಕು?

ಈ ಅಂಗಡಿಗಳು ಹುಟ್ಟಿದ್ದು ಅಗ್ಗದ ಮಾಲು ಮಾರಲೆಂದಲ್ಲ ಎಂಬುದನ್ನೂ ಹೇಳಬೇಕು. ಎರಡನೇ ಮಹಾಯುದ್ಧದಲ್ಲಿ ನಾಜಿಗಳ ವಶದಲ್ಲಿದ್ದ ಗ್ರೀಸಿನ ಹಸಿವು ನೀಗಲು 1942ರಲ್ಲಿ ಆಕ್ಸ್‌ಫರ್ಡಿನಲ್ಲಿ ಒಂದು ಸಮಿತಿ ಹುಟ್ಟಿತು. ಇಂದಿನ ಆಕ್ಸ್‌ಫ್ಯಾಮ್ ಅದೇ. 1940ರ ದಶಕದ ಕೊನೆಗೆ ಅದು ಬ್ರಾಡ್ ಸ್ಟ್ರೀಟಿನಲ್ಲಿ ತೆರೆದ ಅಂಗಡಿಯ ಉದ್ದೇಶ ದೂರದವರ ನೆರವಿಗೆ ಹಣ ಕೂಡಿಸುವುದು. ಹತ್ತಿರದ ಬಡವರಿಗೆ ಆ ಅಂಗಡಿ ಆಸರೆಯಾದದ್ದು ತಾನಾಗಿ ಒದಗಿದ ಫಲ. ಮಾಲು ಹೇರಳವಾಗಿದ್ದು ಖರ್ಚು ಕಡಿಮೆಯಿದ್ದಷ್ಟು ಕಾಲ ಎರಡೂ ಕೆಲಸ ಒಟ್ಟಿಗೆ ನಡೆದವು. ಈಗ ಅವು ಒಂದನ್ನೊಂದು ಎಳೆದಾಡುತ್ತಿವೆ.

ಆ ಎಳೆದಾಟ ನಡೆಯುವುದು ಅಂಗಡಿಯ ಹಿಂಬದಿಯ ಕೋಣೆಯಲ್ಲಿ. ಕಪ್ಪು ಪ್ಲಾಸ್ಟಿಕ್ ಚೀಲಗಳ ರಾಶಿ ಅಲ್ಲಿ ಸೂರು ಮುಟ್ಟುವಂತಿರುತ್ತದೆ. ನಿವೃತ್ತರಾದ ಹೆಂಗಸರು, ಕಾಲೇಜು ಹುಡುಗರು, ಹೀಗೆ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು ಒಂದೊಂದೇ ಚೀಲ ಬಿಚ್ಚಿ, ಮುಗ್ಗಲು ಹಿಡಿದದ್ದು, ಗುಂಡಿ ಕಿತ್ತದ್ದು, ಕಂಕುಳಲ್ಲಿ ಕಲೆಯಾದದ್ದನ್ನು ಪಕ್ಕಕ್ಕೆ ಹಾಕುತ್ತಾರೆ. ಉಳಿದದ್ದಕ್ಕೆ ಹಬೆಯ ಇಸ್ತ್ರಿ, ಆಮೇಲೆ ಬೆಲೆಚೀಟಿ. ಸೋಫಾಕ್ಕೆ ಬೆಂಕಿ ಸುರಕ್ಷತೆಯ ಲೇಬಲ್ ಇಲ್ಲದಿದ್ದರೆ ಅಂಗಡಿಗಳು ಮಾರುವುದಿಲ್ಲ; 1988ರ ನಿಯಮಗಳ ಫಲವದು. ದಾನ ಕೊಟ್ಟವರು ತೆರಿಗೆ ಕಟ್ಟುವವರಾಗಿ ಒಪ್ಪಿಗೆ ಬರೆದುಕೊಟ್ಟಿದ್ದರೆ ಮಾರಿದ ಪ್ರತಿ ಪೌಂಡಿಗೂ ಸರ್ಕಾರ 25 ಪೆನ್ಸ್ ಸೇರಿಸುತ್ತದೆ. ಒಳ್ಳೆಯ ಬ್ರ್ಯಾಂಡಿನ ಜಾಕೆಟ್ ಕೈಗೆ ಸಿಕ್ಕಿತೋ, ಫೋನ್ ತೆಗೆದು ಇಬೇ ಜಾಲತಾಣದಲ್ಲಿ ಅಂಥದ್ದು ಎಷ್ಟಕ್ಕೆ ಹೋಗಿದೆ ಎಂದು ನೋಡುತ್ತಾರೆ. ಗಿರಾಕಿಗೆ ಅಗ್ಗದ ಮಾಲು ತಪ್ಪುವುದು ಆ ಕ್ಷಣದಲ್ಲಿ.

ಅವರನ್ನು ದೂರುವಂತಿಲ್ಲ. ಹತ್ತು ಪೌಂಡಿಗೆ ಕೊಟ್ಟ ಜಾಕೆಟ್ಟನ್ನು ಯಾರೋ ಸಂಜೆಯೊಳಗೆ ಆನ್‌ಲೈನಿನಲ್ಲಿ ನಲವತ್ತಕ್ಕೆ ಮಾರಿದರೆ ಬಡವನಿಗೂ ಲಾಭವಿಲ್ಲ, ಸಂಸ್ಥೆಗೂ ಇಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದಿರುವುದು ದಾನದ ಕಡೆಯಿಂದ. ಲಿಥುವೇನಿಯಾದಲ್ಲಿ 2008ರಲ್ಲಿ ಶುರುವಾದ ವಿಂಟೆಡ್‌ನಂಥ ಆ್ಯಪ್‌ಗಳಲ್ಲಿ ಹಳೆಬಟ್ಟೆಯನ್ನು ಯಾರು ಬೇಕಾದರೂ ಮಾರಬಹುದು. ಬೆಲೆ ಏರಿಕೆಯಿಂದ ಕಂಗೆಟ್ಟ ಮಧ್ಯಮ ವರ್ಗ ಒಳ್ಳೆಯದನ್ನು ತಾನೇ ಮಾರಿಕೊಂಡು, ಯಾರೂ ಕೊಳ್ಳದ್ದನ್ನು ಚೀಲಕ್ಕೆ ತುಂಬುತ್ತಿದೆ. ಗಿರಾಕಿಯನ್ನು ಅಂಗಡಿಗೆ ತಳ್ಳುವ ತುಟ್ಟಿಯೇ ದಾನಿಯ ಕೈ ಕಟ್ಟುತ್ತಿದೆ. ಶೀಇನ್‌ನಂಥ ಅಗ್ಗದ ಬಟ್ಟೆ ಕಂಪನಿಗಳ ತೆಳು ಉಡುಪು ಎರಡು ಒಗೆತಕ್ಕೆ ಜಾಳಾಗಿ ಇಲ್ಲಿಗೆ ಬರುತ್ತದೆ.

ಖರ್ಚೂ ಸುಮ್ಮನಿಲ್ಲ. ಇಂಗ್ಲೆಂಡಿನಲ್ಲಿ ಈ ಅಂಗಡಿಗಳಿಗೆ ಕಟ್ಟಡದ ವ್ಯಾಪಾರಿ ತೆರಿಗೆಯಲ್ಲಿ ಶೇ 80 ರಿಯಾಯಿತಿ ಇದೆ, ನಿಜ. ಆದರೆ ಬಾಡಿಗೆ, ವಿದ್ಯುತ್ತು, ಮ್ಯಾನೇಜರ್ ಸಂಬಳಕ್ಕೆ ರಿಯಾಯಿತಿ ಇಲ್ಲ. ಗಂಟೆಯ ಕನಿಷ್ಠ ಕೂಲಿ 2022ರ ಏಪ್ರಿಲ್‌ನಲ್ಲಿ 9.50 ಪೌಂಡ್ ಇದ್ದದ್ದು 2025ರ ಏಪ್ರಿಲ್‌ಗೆ 12.21 ಆಯಿತು. ದುಡಿಯುವವರಿಗೆ ಅದು ಸಿಗಲೇಬೇಕು. ಅದರ ಜತೆಗೇ ಉದ್ಯೋಗದಾತರು ಕಟ್ಟುವ ರಾಷ್ಟ್ರೀಯ ವಿಮೆಯ ವಂತಿಗೆಯನ್ನು ಶೇ 13.8ರಿಂದ 15ಕ್ಕೆ ಏರಿಸಿದ ಸರ್ಕಾರ ಚಾರಿಟಿಗಳಿಗೆ ವಿನಾಯಿತಿ ಕೊಡದಿದ್ದದ್ದು ತಪ್ಪು. ಅಂಗವಿಕಲರಿಗಾಗಿ ದುಡಿಯುವ ಸ್ಕೋಪ್ ಸಂಸ್ಥೆ ತನ್ನ 138 ಅಂಗಡಿಗಳಲ್ಲಿ 77ನ್ನು ಮುಚ್ಚುವ ಪ್ರಸ್ತಾವವನ್ನು 2025ರ ಜನವರಿಯಲ್ಲೇ ಮುಂದಿಟ್ಟಿತು.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಒಂದು ಮಾತು ಉಳಿಯುತ್ತದೆ. ಚರ್ಮದ ಚೀಲ, ಹೆಸರಾಂತ ಬ್ರ್ಯಾಂಡಿನ ಕೋಟು, ಅಪರೂಪದ ಪುಸ್ತಕಕ್ಕೆ ಪೇಟೆ ಧಾರಣೆ ಹಾಕಲಿ. ಮಕ್ಕಳ ಬಟ್ಟೆ, ಶಾಲಾ ಸಮವಸ್ತ್ರ, ಚಳಿಗಾಲದ ಸಾದಾ ಕೋಟು, ಕಂಬಳಿ, ಅಡುಗೆ ಪಾತ್ರೆಗಳಿಗೆ ಹಾಗೆ ಮಾಡುವುದು ತರವಲ್ಲ. ಲೆಕ್ಕಾಚಾರವೂ ಇದನ್ನೇ ಹೇಳುತ್ತದೆ. ಕೆಲವು ವಾರ ತೂಗುಹಾಕಿ ಮಾರಾಟವಾಗದ ಬಟ್ಟೆಯನ್ನು ಅಂಗಡಿಗಳು ಚಿಂದಿ ವ್ಯಾಪಾರಿಗೆ ತೂಕದ ಲೆಕ್ಕದಲ್ಲಿ ಕೊಡುತ್ತವೆ. ಕಿಲೋಗೆ ಸಿಗುವುದು ಕೆಲವು ಪೆನ್ಸ್. ಅಲ್ಲಿಂದ ಅದು ಘಾನಾದ ಕಾಂಟಮಾಂಟೊದಂಥ ಹಳೆಬಟ್ಟೆ ಮಾರುಕಟ್ಟೆಗಳಿಗೆ ಹೋಗುತ್ತದೆ. ಶೀತದೇಶಗಳ ಉಣ್ಣೆಯ ಚಿಂದಿಯಂತೂ ನಮ್ಮ ಪಾಣಿಪತ್ತಿಗೂ ಬಂದು ಹೊಸ ನೂಲಾಗುತ್ತದೆ. ಐದು ಪೌಂಡ್ ಚೀಟಿ ಹೊತ್ತು ನೇತಾಡಿ ಕೊನೆಗೆ ಚಿಂದಿಯಾಗುವ ಸ್ವೆಟರನ್ನು ಪಕ್ಕದ ಬೀದಿಯ ತಾಯಿಗೆ ಒಂದು ಪೌಂಡಿಗೆ ಕೊಟ್ಟರೆ ಸಂಸ್ಥೆಗೆ ಬರುವ ಹಣ ಹೆಚ್ಚೇ ಹೊರತು ಕಡಿಮೆಯಲ್ಲ. ಪ್ರತಿ ಅಂಗಡಿಯಲ್ಲೂ ಇಂಥ ಒಂದು ಪೌಂಡಿನ ಸಾಲು ಕಾಯಂ ಆಗಿರಬೇಕು.

ಬ್ರಿಟನ್ನಿನಲ್ಲಿರುವ ಕನ್ನಡಿಗರು ಇದರಲ್ಲಿ ಕೈಜೋಡಿಸಬಹುದು. ಓದು ಮುಗಿಸಿ ಊರಿಗೆ ಹೊರಡುವಾಗ ಕೋಟು, ಕುಕ್ಕರ್, ಕಂಬಳಿಗಳನ್ನು ಕಸದ ತೊಟ್ಟಿಯ ಪಕ್ಕ ಇಟ್ಟು ಬರಬೇಡಿ. ಒಗೆದು, ಮಡಚಿ, ಅಂಗಡಿ ತೆರೆದಿರುವ ಹೊತ್ತಿನಲ್ಲಿ ಒಯ್ದು ಕೊಡಿ. ಬೆಲೆ ಹೆಚ್ಚೆನಿಸಿದರೆ ಗಲ್ಲಾದಲ್ಲಿ ನಿಂತ ಸ್ವಯಂಸೇವಕರ ಜತೆ ಜಗಳ ಬೇಡ, ಬೆಲೆ ಕಟ್ಟುವ ನೀತಿ ಅವರದ್ದಲ್ಲ. ಸಂಸ್ಥೆಯ ಕೇಂದ್ರ ಕಚೇರಿಗೆ ಪತ್ರ ಬರೆಯಿರಿ. ಒಂದು ಪೌಂಡಿನ ಸಾಲು ಎಲ್ಲಿದೆ ಎಂದು ಕೇಳಿ.